ಡ್ರ್ಯಾಗನ್ ಕಾಯುವ ಒಂದು ಚದರ ಮೈಲಿ

ಲಂಡನ್ ಊರು ಕಾಯುವ ಪೊಲೀಸ್ ಇಲಾಖೆಗಳು ಎಷ್ಟು? ಯಾರನ್ನಾದರೂ ಕೇಳಿ ನೋಡಿ. ‘ಒಂದೇ, ಸ್ಕಾಟ್ಲೆಂಡ್ ಯಾರ್ಡ್’ ಎನ್ನುತ್ತಾರೆ. ಸಿನಿಮಾ ಮತ್ತು ಪತ್ತೇದಾರಿ ಕತೆಗಳ ಮಹಿಮೆ ಅದು. ಸ್ಕಾಟ್ಲೆಂಡ್ ಯಾರ್ಡ್ ಎಂಬುದು ಮೆಟ್ರೊಪಾಲಿಟನ್ ಪೊಲೀಸರ ಕೇಂದ್ರ ಕಚೇರಿಯ ಹೆಸರು. ಮಹಾನಗರದ ಬಹುಪಾಲು ಅವರ ಕೈಯಲ್ಲಿದೆ. ಆದರೆ ಅದೇ ಮಹಾನಗರದ ಹೊಟ್ಟೆಯೊಳಗೆ, ಥೇಮ್ಸ್ ನದಿಯ ಉತ್ತರ ದಡದಲ್ಲಿ ಇನ್ನೊಂದು ಪುಟ್ಟ ಊರಿದೆ. ಅದರ ಹೆಸರು ಸಿಟಿ ಆಫ್ ಲಂಡನ್. ರೋಮನ್ನರು ಕಟ್ಟಿದ ಹಳೆಯ ಲಂಡನ್ ಅದೇ. ಅದಕ್ಕೆ ಅದರದೇ ಮೇಯರ್, ಅದರದೇ ನಗರಸಭೆ ಮತ್ತು ಅದರದೇ ಪೊಲೀಸ್.

ಊರಿನ ವಿಸ್ತೀರ್ಣ 2.9 ಚದರ ಕಿಲೋಮೀಟರ್. ನಮ್ಮ ಬೆಂಗಳೂರಿನ ಲಾಲ್‌ಬಾಗ್ 240 ಎಕರೆ ಎಂದು ಲೆಕ್ಕ ಹಾಕಿದರೆ ಸುಮಾರು ಮೂರು ಲಾಲ್‌ಬಾಗ್ ಸೇರಿದಷ್ಟು. 2021ರ ಜನಗಣತಿಯ ಪ್ರಕಾರ ಅಲ್ಲಿ ಮನೆ ಮಾಡಿಕೊಂಡಿರುವವರು ಎಂಟೂವರೆ ಸಾವಿರದಷ್ಟು. ಬೆಳಗಾದರೆ ಕೆಲಸಕ್ಕೆಂದು ಬರುವವರು ಐದು ಲಕ್ಷಕ್ಕೂ ಹೆಚ್ಚು. ಬ್ಯಾಂಕ್ ಆಫ್ ಇಂಗ್ಲೆಂಡ್ ಇರುವುದು ಅಲ್ಲೇ. ವಿಮಾ ಕಂಪನಿಗಳು, ಶೇರುಪೇಟೆಯವರು, ವಕೀಲರು ಎಲ್ಲ ಅಲ್ಲೇ. ಜಾಗ ಸುಮಾರು ಒಂದು ಚದರ ಮೈಲಿ ಇರುವುದರಿಂದ ಆ ಊರನ್ನು ‘ಸ್ಕ್ವೇರ್ ಮೈಲ್’ ಅಂತಲೂ ಕರೆಯುತ್ತಾರೆ.

ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಈ ಸಂಗತಿಯನ್ನು ಮೊದಲು ಗಮನಿಸಿದ್ದು ನಾನಲ್ಲ, ಒಂಬತ್ತು ವರ್ಷದ ಮೊಮ್ಮಗ. ಲಂಡನ್ ಬ್ರಿಡ್ಜ್ ದಾಟಿ ಉತ್ತರಕ್ಕೆ ಬಂದಿದ್ದೆವು.

“ತಾತ, ಆ ಕಡೆ ಪೊಲೀಸರ ಟೋಪಿಗೆ ಕಪ್ಪು ಬಿಳಿ ಚೌಕ ಇತ್ತು. ಈ ಕಡೆ ಕೆಂಪು ಬಿಳಿ ಚೌಕ ಇದೆ. ಯಾಕೆ?” ಎಂದ.

“ಸೇತುವೆ ಮೇಲೆ ಬಣ್ಣ ಬದಲಾಯಿಸಿಕೊಂಡರೇನೋ” ಎಂದೆ.

“ತಮಾಷೆ ಬೇಡ ತಾತ, ನಿಜ ಹೇಳು” ಎಂದು ಪಟ್ಟು ಹಿಡಿದ.

ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು ನಾನು. ಚೆಕ್ಕು ಬಂದರೆ ಮೊತ್ತ ನೋಡುವ ಮೊದಲು ಸಹಿ, ಮೊಹರು, ತಾರೀಖು ನೋಡುವುದು ಅಭ್ಯಾಸ. ಪೊಲೀಸರ ಟೋಪಿಯ ಚೌಕವೂ ಒಂದು ಬಗೆಯ ಮೊಹರೇ ಅಲ್ಲವೇ? ಹಾಗಾಗಿ ಅಲ್ಲಿದ್ದಷ್ಟು ದಿನ ಅದರ ಬೆನ್ನು ಹತ್ತಿದೆ. ಊರಿಗೆ ಬಂದ ಮೇಲೂ ಓದಿದೆ. ಆಗ ಗೊತ್ತಾದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಲಾಂಛನದ ಗುಟ್ಟು ತಿಳಿಯೋಣ. ಯುರೋಪಿನಲ್ಲಿ ಹನ್ನೆರಡನೆಯ ಶತಮಾನದ ಹೊತ್ತಿಗೆ ಯುದ್ಧಕ್ಕೆ ಹೋಗುವ ಯೋಧರು ತಲೆಯಿಂದ ಕಾಲಿನವರೆಗೆ ಕಬ್ಬಿಣ ತೊಡುತ್ತಿದ್ದರು. ಮುಖ ಕಾಣುತ್ತಿರಲಿಲ್ಲ. ನಮ್ಮವನು ಯಾರು, ಎದುರಾಳಿ ಯಾರು ಎಂದು ತಿಳಿಯಲು ಗುರಾಣಿಯ ಮೇಲೆ ಗುರುತು ಬರೆದುಕೊಂಡರು. ದೂರದಿಂದ, ಧೂಳಿನಲ್ಲಿ, ಕುದುರೆ ಓಡುತ್ತಿರುವಾಗಲೂ ಕಾಣಬೇಕು. ಅದಕ್ಕೊಂದು ನಿಯಮ ಮಾಡಿದರು. ಚಿನ್ನ ಮತ್ತು ಬೆಳ್ಳಿಯನ್ನು, ಎಂದರೆ ಹಳದಿ ಮತ್ತು ಬಿಳಿಯನ್ನು, ‘ಲೋಹ’ ಎಂದು ಕರೆದರು. ಕೆಂಪು, ನೀಲಿ, ಕಪ್ಪು, ಹಸಿರು ಮುಂತಾದವು ‘ಬಣ್ಣ’. ಬಣ್ಣದ ಮೇಲೆ ಬಣ್ಣ ಬರೆಯಕೂಡದು, ಲೋಹದ ಮೇಲೆ ಲೋಹ ಬರೆಯಕೂಡದು. ನೀಲಿಯ ಮೇಲೆ ಕಪ್ಪು ಬರೆದರೆ ನೂರು ಗಜ ದೂರದಿಂದ ಏನು ಕಂಡೀತು? ಬಿಳಿಯ ಮೇಲೆ ಕೆಂಪು ಬರೆದರೆ ಕಣ್ಣಿಗೆ ಹೊಡೆಯುತ್ತದೆ. ನಮ್ಮ ರಸ್ತೆಬದಿಯ ಫಲಕಗಳನ್ನೇ ನೋಡಿ, ಕಣ್ಣಿಗೆ ಬೇಗ ಬೀಳುವುದು ಇಂಥ ಜೋಡಿಗಳೇ. 1484ರಲ್ಲಿ ಮೂರನೆಯ ರಿಚರ್ಡ್ ದೊರೆಯ ಕಾಲದಲ್ಲಿ ಈ ಗುರುತುಗಳ ಲೆಕ್ಕ ನೋಡಿಕೊಳ್ಳಲು ‘ಕಾಲೇಜ್ ಆಫ್ ಆರ್ಮ್ಸ್’ ಎಂಬ ಸಂಸ್ಥೆಯೇ ಹುಟ್ಟಿತು. ಅದು ಇಂದಿಗೂ ಇದೆ, ಅದೇ ಸಿಟಿಯೊಳಗೇ ಇದೆ.

ಪೂರ್ಣ ಲಾಂಛನದಲ್ಲಿ ನಡುವೆ ಗುರಾಣಿ, ಅದರ ಮೇಲೆ ಶಿರೋಭಾಗ, ಎರಡೂ ಪಕ್ಕದಲ್ಲಿ ಗುರಾಣಿಯನ್ನು ಹಿಡಿದು ನಿಂತ ಪ್ರಾಣಿಗಳು, ಕೆಳಗೆ ಧ್ಯೇಯವಾಕ್ಯ ಇರುತ್ತವೆ. ನಮ್ಮ ಕರ್ನಾಟಕ ಸರ್ಕಾರದ ಲಾಂಛನ ತೆಗೆದುಕೊಳ್ಳಿ. ನಡುವೆ ಗಂಡಭೇರುಂಡದ ಗುರಾಣಿ, ಮೇಲೆ ಅಶೋಕನ ಸಿಂಹಗಳು, ಅಕ್ಕಪಕ್ಕ ಆನೆಮುಖದ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’. ಅದೇ ಜೋಡಣೆ. ಮಕ್ಕಳು ಇದನ್ನು ಪಠ್ಯಪುಸ್ತಕದ ಮುಖಪುಟದಲ್ಲಿ ದಿನಾ ನೋಡಿದರೂ ಬಿಡಿಸಿ ನೋಡಿರುವುದಿಲ್ಲ.

ಈಗ ಸಿಟಿ ಪೊಲೀಸರ ಲಾಂಛನಕ್ಕೆ ಬರೋಣ. ಅವರದು ಎಂದು ಬೇರೆ ಲಾಂಛನವಿಲ್ಲ. ತಮ್ಮ ಊರಿನ ಲಾಂಛನವನ್ನೇ ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಬಿಳಿ ಗುರಾಣಿಯ ಮೇಲೆ ಕೆಂಪು ಶಿಲುಬೆ, ಅದು ಇಂಗ್ಲೆಂಡಿನ ಪಾಲಕ ಸಂತ ಜಾರ್ಜ್‌ನ ಗುರುತು. ಶಿಲುಬೆಯಿಂದ ಗುರಾಣಿ ನಾಲ್ಕು ಭಾಗವಾಗುತ್ತದೆ. ಅದರಲ್ಲಿ ನೋಡುವವರ ಎಡಗಡೆಯ ಮೇಲಿನ ಭಾಗದಲ್ಲಿ ತುದಿ ಮೇಲಾಗಿ ನಿಂತ ಒಂದು ಕೆಂಪು ಕತ್ತಿ.

ಈ ಕತ್ತಿಯ ಬಗ್ಗೆ ಒಂದು ಕತೆಯಿದೆ. 1381ರಲ್ಲಿ ಇಂಗ್ಲೆಂಡಿನಲ್ಲಿ ತಲೆಗಂದಾಯ ಹಾಕಿದ್ದರು. ಬಡವರು ಕೊಡಲಾಗದೆ ದಂಗೆ ಎದ್ದರು. ವಾಟ್ ಟೈಲರ್ ಎಂಬವನ ಮುಂದಾಳತ್ವದಲ್ಲಿ ಸಾವಿರಾರು ರೈತರು ಲಂಡನ್ನಿಗೆ ನುಗ್ಗಿದರು. ಆಗಿನ ದೊರೆ ಎರಡನೆಯ ರಿಚರ್ಡ್‌ಗೆ ಹದಿನಾಲ್ಕು ವರ್ಷ, ನಮ್ಮಲ್ಲಾದರೆ ಒಂಬತ್ತನೇ ಕ್ಲಾಸಿನ ಹುಡುಗ. ಜೂನ್ 15ರಂದು ಸ್ಮಿತ್‌ಫೀಲ್ಡ್ ಎಂಬ ಬಯಲಿನಲ್ಲಿ ದೊರೆಯೂ ಟೈಲರನೂ ಎದುರುಬದುರಾದರು. ಮಾತಿಗೆ ಮಾತು ಬೆಳೆಯಿತು. ದೊರೆಯ ಪಕ್ಕದಲ್ಲಿದ್ದ ಲಂಡನ್ನಿನ ಮೇಯರ್ ವಿಲಿಯಂ ವಾಲ್ವರ್ತ್ ಕಠಾರಿಯಿಂದ ಟೈಲರನನ್ನು ಇರಿದ. ದಂಗೆ ಅಡಗಿತು. ಆ ಕಠಾರಿಯನ್ನೇ ಊರಿನ ಗುರಾಣಿಯ ಮೇಲೆ ಬರೆದರು ಎಂದು ಲಂಡನ್ನಿನವರು ತಲೆಮಾರುಗಳಿಂದ ಹೇಳುತ್ತ ಬಂದರು. ಮೀನು ವ್ಯಾಪಾರಿಗಳ ಸಂಘದ ಭವನದಲ್ಲಿ ಅದೇ ಕಠಾರಿ ಎಂದು ಒಂದನ್ನು ಇಟ್ಟುಕೊಂಡಿದ್ದಾರೆ. ವಾಲ್ವರ್ತ್ ಮೀನು ವ್ಯಾಪಾರಿಗಳ ಪೈಕಿಯವನು.

ಕತೆ ಸೊಗಸಾಗಿದೆ. ಆದರೆ ತಾರೀಖು ಕೂಡುವುದಿಲ್ಲ! ಕತ್ತಿ ಇರುವ ಹೊಸ ಮುದ್ರೆಯನ್ನು ನಗರಸಭೆ ಒಪ್ಪಿಕೊಂಡಿದ್ದು 1381ರ ಏಪ್ರಿಲ್ 17ರಂದು. ಟೈಲರ್ ಸತ್ತದ್ದು ಜೂನ್ 15ರಂದು. ಎಂದರೆ ಕೊಲೆಗೆ ಎರಡು ತಿಂಗಳು ಮೊದಲೇ ಕತ್ತಿ ಮುದ್ರೆಯಲ್ಲಿತ್ತು. ನಮ್ಮ ಬ್ಯಾಂಕಿನಲ್ಲಿ ಇಂಥದ್ದು ಬಂದಿದ್ದರೆ ‘ಜಮಾ ಆಗುವ ಮೊದಲೇ ಖರ್ಚು ಬಿದ್ದಿದೆ’ ಎಂದು ವೋಚರ್ ವಾಪಸ್ ಕಳಿಸುತ್ತಿದ್ದೆವು. ಆ ಕತ್ತಿ ನಿಜವಾಗಿ ಸಂತ ಪಾಲ್‌ನದು. ಅವನನ್ನು ಕತ್ತಿಯಿಂದ ಶಿರಚ್ಛೇದ ಮಾಡಿದರೆಂಬುದು ಕ್ರೈಸ್ತರ ನಂಬಿಕೆ. ಹಾಗಾಗಿ ಚಿತ್ರಗಳಲ್ಲಿ, ಮೂರ್ತಿಗಳಲ್ಲಿ ಅವನ ಕೈಯಲ್ಲಿ ಕತ್ತಿ ಇರುತ್ತದೆ. ಅವನು ಲಂಡನ್ನಿನ ಪಾಲಕ ಸಂತ, ಅಲ್ಲಿನ ದೊಡ್ಡ ಚರ್ಚು ಅವನ ಹೆಸರಿನದೇ. ಕೊಂದವನ ಕತ್ತಿ ಎಂದು ಜನ ತಿಳಿದದ್ದು ಸತ್ತವನ ಕತ್ತಿ! ಊರು ಕಾಯುವ ಪೊಲೀಸರ ಟೋಪಿಯ ಮೇಲೆ ಇರಲು ಎರಡನೆಯದೇ ಮೇಲು ಎಂದು ನನ್ನ ಅಭಿಪ್ರಾಯ.

ಗುರಾಣಿಯ ಎಡಬಲಕ್ಕೆ ಎರಡು ಬೆಳ್ಳಿ ಬಣ್ಣದ ಡ್ರ್ಯಾಗನ್‌ಗಳು. ಅವುಗಳ ರೆಕ್ಕೆಗಳ ಮೇಲೆ ಕೆಂಪು ಶಿಲುಬೆ. ಶಿರೋಭಾಗದಲ್ಲೂ ಒಂದು ಡ್ರ್ಯಾಗನ್ ರೆಕ್ಕೆ. ಲಂಡನ್ನಿಗೂ ಡ್ರ್ಯಾಗನ್ನಿಗೂ ಏನು ನಂಟು? ಸಂತ ಜಾರ್ಜ್ ಡ್ರ್ಯಾಗನ್ ಕೊಂದ ಕತೆ ನಿಮಗೆ ಗೊತ್ತಿರಬಹುದು. ಆದರೆ ತಿಳಿದವರು ಹೇಳುವ ಕಾರಣ ಇನ್ನೂ ತಮಾಷೆಯಾಗಿದೆ. 1539ರ ಮುದ್ರೆಯಲ್ಲಿ ಗುರಾಣಿಯ ಮೇಲೆ ಬೀಸಣಿಗೆಯಂಥ ಒಂದು ಆಕಾರ, ಅದರ ಮೇಲೆ ಶಿಲುಬೆ ಇತ್ತು. ಮುಂದೆ ಚಿತ್ರ ಬರೆದವರು ಅದನ್ನು ರೆಕ್ಕೆ ಎಂದುಕೊಂಡರು. ರೆಕ್ಕೆ ಇದೆ ಎಂದ ಮೇಲೆ ಅದು ಯಾರದೋ ಇರಬೇಕಲ್ಲ? ಡ್ರ್ಯಾಗನ್‌ಗಳು ಬಂದು ನಿಂತವು. ಬೀಸಣಿಗೆಯಿಂದ ಹುಟ್ಟಿದ ಡ್ರ್ಯಾಗನ್! ಇನ್ನೂ ಒಂದು ಸ್ವಾರಸ್ಯವಿದೆ. ಈ ಡ್ರ್ಯಾಗನ್ನಿಗೂ ರೆಕ್ಕೆಗೂ ವಿಧಿಬದ್ಧ ಮಂಜೂರಾತಿ ಸಿಕ್ಕಿದ್ದು 1957ರಲ್ಲಿ. ಮುನ್ನೂರು ವರ್ಷಕ್ಕೂ ಮೇಲ್ಪಟ್ಟು ಕಾಗದಪತ್ರವಿಲ್ಲದೆ ಖಾತೆ ನಡೆದಿತ್ತು.

ಕೆಳಗೆ ಲ್ಯಾಟಿನ್ ಭಾಷೆಯಲ್ಲಿ ‘ದೊಮಿನೆ ದಿರಿಗೆ ನೋಸ್’ ಎಂಬ ಮಾತು. ‘ಪ್ರಭುವೇ, ನಮ್ಮನ್ನು ನಡೆಸು’ ಎಂದರ್ಥ.

ಪೊಲೀಸರ ಉಡುಪಿನಲ್ಲಿ ಈ ಲಾಂಛನ ಎಲ್ಲಿ ಕೂರುತ್ತದೆ ನೋಡಿ. ಇಂಗ್ಲೆಂಡಿನ ಪೊಲೀಸರ ಎತ್ತರದ ಕಪ್ಪು ಶಿರಸ್ತ್ರಾಣವನ್ನು ನೀವು ಚಿತ್ರಗಳಲ್ಲಿ ನೋಡಿದ್ದೀರಿ. ಹೆಚ್ಚಿನ ಇಲಾಖೆಗಳಲ್ಲಿ ಅದರ ಮುಂದೆ ಬೆಳ್ಳಿಯಂತೆ ಹೊಳೆಯುವ ನಕ್ಷತ್ರ, ಅದರ ಮೇಲೊಂದು ರಾಜಕಿರೀಟ ಇರುತ್ತದೆ. ಸಿಟಿ ಪೊಲೀಸರಲ್ಲಿ ನಕ್ಷತ್ರವೂ ಇಲ್ಲ, ಕಿರೀಟವೂ ಇಲ್ಲ, ಊರಿನ ಲಾಂಛನ ಮಾತ್ರ. ಅದೂ ಹೊಂಬಣ್ಣದ್ದು. ಅಂಗಿಯ ಗುಂಡಿಗಳೂ ಹೊಂಬಣ್ಣ. ಶಿರಸ್ತ್ರಾಣದ ನೆತ್ತಿಯಲ್ಲಿ ಹಿಂದಿನಿಂದ ಮುಂದಕ್ಕೆ ಹುಂಜದ ಜುಟ್ಟಿನಂಥ ಏಣು ಬೇರೆ. 2022ರಲ್ಲಿ ಎಲಿಜಬೆತ್ ರಾಣಿ ತೀರಿಕೊಂಡು ಚಾರ್ಲ್ಸ್ ದೊರೆಯಾದ ಮೇಲೆ ರಾಜಚಿಹ್ನೆಯಲ್ಲಿ ಬರೆಯುವ ಕಿರೀಟದ ಆಕಾರ ಬದಲಾಯಿತು. ಕಿರೀಟ ಹೊತ್ತ ಇಲಾಖೆಗಳಿಗೆ ಬಿಲ್ಲೆ ಬದಲಿಸುವ ಕೆಲಸ ಬಂತು. ಕಿರೀಟವೇ ಇಲ್ಲದ ಶಿರಸ್ತ್ರಾಣಕ್ಕೆ ಆ ಚಿಂತೆ ಇಲ್ಲ.

ಮೆರವಣಿಗೆ, ಸಮಾರಂಭಗಳ ದಿನ ಸಿಟಿ ಪೊಲೀಸರು ಎಡಗೈಯ ಮಣಿಕಟ್ಟಿನ ಮೇಲೆ ಕೆಂಪು ಬಿಳಿ ಪಟ್ಟೆಗಳ ಕೈಪಟ್ಟಿ ಕಟ್ಟುತ್ತಾರೆ. ಇದು ಅಲಂಕಾರಕ್ಕೆ ಬಂದದ್ದಲ್ಲ. ಹಿಂದೆ ಪೊಲೀಸಿನವನು ಕೆಲಸ ಮುಗಿದ ಮೇಲೂ ಸಮವಸ್ತ್ರದಲ್ಲೇ ಇರಬೇಕಿತ್ತು. ಎದುರಿಗೆ ಬಂದವನು ಕರ್ತವ್ಯದ ಮೇಲಿದ್ದಾನೋ, ಮನೆಗೆ ತರಕಾರಿ ಕೊಳ್ಳಲು ಹೊರಟಿದ್ದಾನೋ ಜನಕ್ಕೆ ತಿಳಿಯಬೇಡವೇ? ಪಟ್ಟಿ ಇದ್ದರೆ ಕರ್ತವ್ಯ, ಇಲ್ಲದಿದ್ದರೆ ಬಿಡುವು. ಮೆಟ್ರೊಪಾಲಿಟನ್ ಪೊಲೀಸರಿಗೂ ನೀಲಿ ಬಿಳಿಯ ಪಟ್ಟಿ ಇತ್ತು, ಎಂದೋ ಬಿಟ್ಟುಹೋಯಿತು. ಸಿಟಿಯವರು ಬಿಟ್ಟಿಲ್ಲ. ನಮ್ಮ ಕೌಂಟರಿನ ಮುಂದೆ ಇಡುತ್ತಿದ್ದ ‘ಕೌಂಟರ್ ಮುಚ್ಚಿದೆ’ ಎಂಬ ಹಲಗೆ ನೆನಪಾಯಿತು. ಅದಿಲ್ಲದೆ ಎದ್ದು ಹೋದರೆ ಸಾಲಿನಲ್ಲಿದ್ದವರು ಸುಮ್ಮನಿರುತ್ತಿದ್ದರೇ?

ಇನ್ನು ಮೊಮ್ಮಗ ಕೇಳಿದ ಚೌಕುಳಿ. ಅದರ ಮೂಲ ಲಂಡನ್ನಿನಲ್ಲೇ ಇಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿದೆ. 1931ರಲ್ಲಿ ಪರ್ಸಿ ಸಿಲಿಟೊ ಎಂಬ ಅಧಿಕಾರಿ ಗ್ಲಾಸ್ಗೋ ನಗರ ಪೊಲೀಸಿನ ಮುಖ್ಯಸ್ಥರಾಗಿ ಬಂದರು. ಬೀದಿ ರೌಡಿಗಳ ಗುಂಪುಗಳನ್ನು ಮಟ್ಟಹಾಕಿದವರೆಂದು ಅವರಿಗೆ ಹೆಸರು. ಮುಂದೆ ಬ್ರಿಟನ್ನಿನ ಗೂಢಚಾರ ಸಂಸ್ಥೆ ಎಂಐ5ರ ಮುಖ್ಯಸ್ಥರೂ ಆದರು. ಗ್ಲಾಸ್ಗೋದಲ್ಲಿ ಅವರು ಕಂಡ ತೊಂದರೆ ಸಣ್ಣದು, ಆದರೆ ದಿನನಿತ್ಯದ್ದು. ಪೊಲೀಸರಿಗೂ ಮುಂದೆ ಅಂಚಿರುವ ಟೋಪಿ, ಟ್ರಾಮ್ ಸಿಬ್ಬಂದಿಗೂ ಅದೇ, ಆಂಬುಲೆನ್ಸಿನವರಿಗೂ ಅದೇ. ಜನಸಂದಣಿಯಲ್ಲಿ ಪೊಲೀಸ್ ಯಾರೆಂದು ಹುಡುಕುವುದು ಹೇಗೆ? ಸ್ಕಾಟ್ಲೆಂಡಿನ ಸೈನಿಕರ ಟೋಪಿಗಳ ಅಂಚಿನಲ್ಲಿದ್ದ ಚೌಕುಳಿಯನ್ನು ನೋಡಿ, ಕಪ್ಪು ಬಿಳಿಯಲ್ಲಿ ಮೂರು ಸಾಲು ಚೌಕಗಳ ಪಟ್ಟಿಯನ್ನು 1932ರಲ್ಲಿ ತಮ್ಮವರ ಟೋಪಿಗೆ ಹೊಲಿಸಿದರು. ಅದೇ ಹಳೆಯ ಗುರಾಣಿಯ ನಿಯಮ, ಬಣ್ಣದ ಪಕ್ಕ ಲೋಹ.

ಪಟ್ಟಿ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಸ್ಕಾಟ್ಲೆಂಡಿನ ಉಳಿದ ಊರಿನವರೂ ಹಾಕಿಕೊಂಡರು. 1961ರಲ್ಲಿ ಆಸ್ಟ್ರೇಲಿಯಾದ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಪೊಲೀಸರು ತಂದುಕೊಂಡರು. ಅಮೆರಿಕದ ಷಿಕಾಗೋದಲ್ಲಿ 1967ರಲ್ಲಿ ನೀಲಿ ಬಿಳಿಯಾಗಿ ಬಂತು. ನ್ಯೂಜಿಲೆಂಡಿಗೂ ಹೋಯಿತು. ಬ್ರಿಟನ್ನಿನ ಉಳಿದ ಇಲಾಖೆಗಳೂ ಕಪ್ಪು ಬಿಳಿಯನ್ನು ಒಪ್ಪಿದವು. ಇದಕ್ಕೆ ‘ಸಿಲಿಟೊ ಟಾರ್ಟನ್’ ಎಂದೇ ಹೆಸರು. ಸಿಟಿ ಆಫ್ ಲಂಡನ್ ಪೊಲೀಸರು ಚೌಕುಳಿ ಒಪ್ಪಿದರು, ಬಣ್ಣ ಮಾತ್ರ ಒಪ್ಪಲಿಲ್ಲ. ತಮ್ಮ ಊರಿನ ಗುರಾಣಿಯ ಕೆಂಪು ಬಿಳಿಯನ್ನೇ ಇಟ್ಟುಕೊಂಡರು. ಮೊಮ್ಮಗ ಸೇತುವೆಯ ಮೇಲೆ ಕಂಡದ್ದು ಅದನ್ನೇ.

ಒಂದು ವಿಷಾದವೆಂದರೆ, ಜಗತ್ತಿಗೆ ಚೌಕುಳಿ ಕೊಟ್ಟ ಗ್ಲಾಸ್ಗೋ ನಗರ ಪೊಲೀಸ್ ಈಗಿಲ್ಲ. 1800ರಲ್ಲಿ ಹುಟ್ಟಿದ ಇಲಾಖೆ 1975ರಲ್ಲಿ ಸ್ಟ್ರಾತ್‌ಕ್ಲೈಡ್ ಪೊಲೀಸ್ ಎಂಬ ದೊಡ್ಡ ಇಲಾಖೆಯಲ್ಲಿ ಸೇರಿಹೋಯಿತು. 2013ರಲ್ಲಿ ಅದೂ ಹೋಗಿ ಇಡೀ ಸ್ಕಾಟ್ಲೆಂಡಿಗೆ ಒಂದೇ ಪೊಲೀಸ್ ಆಯಿತು. ಇಂಗ್ಲೆಂಡಿನಲ್ಲೂ ಹೀಗೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1960ರ ದಶಕದಲ್ಲಿ ನೂರಕ್ಕೂ ಹೆಚ್ಚು ಪೊಲೀಸ್ ಇಲಾಖೆಗಳಿದ್ದವು, ಈಗ 43. ಊರೂರಿಗೆ ತನ್ನ ಲಾಂಛನ ಹೊತ್ತ ಪೊಲೀಸ್ ಇದ್ದ ಕಾಲ ಮುಗಿಯಿತು. ಬ್ಯಾಂಕುಗಳ ವಿಲೀನ ನೋಡಿದ ನಮ್ಮ ಪೀಳಿಗೆಗೆ ಇದು ಅರ್ಥವಾಗುತ್ತದೆ. ಬೋರ್ಡು ಇಳಿಸುವ ದಿನ ಶಾಖೆಯ ಮುಂದೆ ನಿಂತು ನೋಡಿದವರಿಗೆ ಗೊತ್ತು.

ಹಾಗಿದ್ದರೆ ಮೂರು ಲಾಲ್‌ಬಾಗಿನಷ್ಟು ಊರಿನ ಪೊಲೀಸ್ ಉಳಿದದ್ದು ಹೇಗೆ? ಅದನ್ನು ನುಂಗುವ ಪ್ರಯತ್ನಗಳು ಆಗದೆ ಇರಲಿಲ್ಲ. ಸರ್ ರಾಬರ್ಟ್ ಪೀಲ್ 1829ರಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಕಟ್ಟಿದಾಗ ಸಿಟಿಯನ್ನು ಹೊರಗಿಟ್ಟರು. 1839ರಲ್ಲಿ ಅದನ್ನೂ ಸೇರಿಸಬೇಕೆಂದಾಗ ಸಿಟಿಯವರು ಹಟ ಹಿಡಿದು ತಮ್ಮದೇ ಕಾಯಿದೆ ಮಾಡಿಸಿಕೊಂಡರು. ಇಂದಿನ ಇಲಾಖೆ ಹುಟ್ಟಿದ್ದು ಆಗ. 1863ರ ಮಾರ್ಚಿನಲ್ಲಿ ಯುವರಾಜನನ್ನು ಮದುವೆಯಾಗಲು ಡೆನ್ಮಾರ್ಕಿನ ರಾಜಕುಮಾರಿ ಅಲೆಕ್ಸಾಂಡ್ರಾ ಬಂದಳು. ಮೆರವಣಿಗೆ ಸಿಟಿಯ ಬೀದಿಗಳಲ್ಲಿ ಹಾದು ಹೋಯಿತು. ಜನಸಾಗರ ಪೊಲೀಸರ ಹಿಡಿತ ಮೀರಿತು, ನೂಕುನುಗ್ಗಲಿನಲ್ಲಿ ಜನ ಸತ್ತರು. ‘ಈ ಪುಟ್ಟ ಇಲಾಖೆಯಿಂದ ಆಗದು’ ಎಂದು ಸರ್ಕಾರ ವಿಲೀನದ ಮಸೂದೆ ತಂದಿತು. ಸಿಟಿಯವರು ನಿಯಮಾವಳಿ ಹಿಡಿದು ಹೋರಾಡಿದರು, ಮಸೂದೆ ಬಿದ್ದುಹೋಯಿತು. ಹಣದ ಬಲವೂ ಇತ್ತೆನ್ನಿ. ದೇಶದ ತಿಜೋರಿ ಇರುವ ಊರಿನ ಮಾತನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಲಾಗುವುದಿಲ್ಲ.

ಆ ಲಾಂಛನದಡಿ ಪ್ರಾಣ ಕೊಟ್ಟವರೂ ಇದ್ದಾರೆ. 1910ರ ಡಿಸೆಂಬರ್ 16ರ ರಾತ್ರಿ ಹೌಂಡ್ಸ್‌ಡಿಚ್ ಎಂಬ ಬೀದಿಯಲ್ಲಿ ಆಭರಣದ ಅಂಗಡಿಯ ಗೋಡೆಯನ್ನು ಹಿಂದಿನಿಂದ ಯಾರೋ ಕೊರೆಯುವ ಸದ್ದು ಕೇಳಿಸಿತು. ಸಿಟಿ ಪೊಲೀಸರು ವಿಚಾರಿಸಲು ಹೋದರು. ಅವರ ಕೈಯಲ್ಲಿ ಬಂದೂಕಿರಲಿಲ್ಲ, ಒಳಗಿದ್ದವರ ಕೈಯಲ್ಲಿ ಪಿಸ್ತೂಲುಗಳಿದ್ದವು. ಸಾರ್ಜೆಂಟ್ ಬೆಂಟ್ಲಿ, ಸಾರ್ಜೆಂಟ್ ಟಕರ್, ಕಾನ್‌ಸ್ಟೇಬಲ್ ಚೋಟ್ ಸತ್ತರು. ಅದಾಗಿ ನೂರಕ್ಕೂ ಹೆಚ್ಚು ವರ್ಷವಾಯಿತು, ಆ ಮೂವರ ಹೆಸರು ಅಲ್ಲಿ ಇನ್ನೂ ಮರೆತಿಲ್ಲ.

ಇವತ್ತು ಸಿಟಿ ಪೊಲೀಸರ ಮುಖ್ಯ ಕೆಲಸ ಬೇರೆ. 2008ರಿಂದ ದೇಶದ ಹಣಕಾಸು ವಂಚನೆ ತನಿಖೆಯಲ್ಲಿ ಅವರದೇ ಮುಂದಾಳತ್ವ. ಬ್ಯಾಂಕುಗಳ ನಡುವೆ ಬೆಳೆದ ಇಲಾಖೆಗೆ ಒಪ್ಪುವ ಕೆಲಸವೇ. ಅಲ್ಲೂ ಮೋಸಗಾರರು ‘ನಾನು ಪೊಲೀಸ್’ ಎಂದು ಹೇಳಿಕೊಂಡೇ ಮುದುಕರಿಗೆ ಫೋನ್ ಮಾಡುತ್ತಾರೆ.

ಇಲ್ಲಿ ನಮ್ಮ ಬಡಾವಣೆಯ ಒಂದು ಪ್ರಸಂಗ ಹೇಳಲೇಬೇಕು. ನಿವೃತ್ತ ಶಿಕ್ಷಕಿಯೊಬ್ಬರಿಗೆ, ನಾವೆಲ್ಲ ಟೀಚರಮ್ಮ ಎನ್ನುತ್ತೇವೆ, ಒಂದು ಮಧ್ಯಾಹ್ನ ವಿಡಿಯೊ ಕರೆ ಬಂತು. ಖಾಕಿ ತೊಟ್ಟವನೊಬ್ಬ ಮೇಜಿನ ಹಿಂದೆ ಕುಳಿತಿದ್ದಾನೆ. ಗೋಡೆಯ ಮೇಲೆ ದೊಡ್ಡ ಲಾಂಛನ. ‘ನಿಮ್ಮ ಹೆಸರಿನ ಪಾರ್ಸಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕರೆ ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ, ಎಫ್‌ಡಿ ಮುರಿದು ಪರಿಶೀಲನೆಗಾಗಿ ನಾವು ಹೇಳಿದ ಖಾತೆಗೆ ಹಾಕಿ’ ಎಂದ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಗಟ್ಟಿ ಹೆಂಗಸು ಗಡಗಡ ನಡುಗುತ್ತಾ ಕುಳಿತಿದ್ದರು. ಏಳನೇ ಕ್ಲಾಸಿನ ಮೊಮ್ಮಗಳು ಶಾಲೆಯಿಂದ ಬಂದವಳು ಬಾಗಿಲಿಂದಲೇ ನೋಡಿದಳು.

“ಅಜ್ಜಿ, ಗೋಡೆ ಮೇಲಿನ ಅಕ್ಷರ ಎಲ್ಲ ಉಲ್ಟಾ ಇದೆ. ಕನ್ನಡಿಯಲ್ಲಿ ಕಾಣೋ ಹಾಗೆ!” ಎಂದು ಕೂಗಿದಳು.

ಅಜ್ಜಿ ಬೇಡ ಬೇಡ ಎನ್ನುತ್ತಿದ್ದಂತೆ ಫೋನ್ ಕಿತ್ತುಕೊಂಡು ಕರೆ ಕಟ್ ಮಾಡಿದಳು. ಎಫ್‌ಡಿ ಉಳಿಯಿತು.

ಹುಡುಗಿಯನ್ನು ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ. ಜೊತೆಗೆ ಒಂದು ಮಾತು ಹೇಳಿದೆ: “ಪುಟ್ಟಿ, ಮುಂದಿನ ಸಲ ಆ ಕಳ್ಳ ಅಕ್ಷರ ಸರಿಯಾಗಿ ಬರೆಸಿಕೊಂಡು ಬರುತ್ತಾನೆ. ಆಗೇನು ಮಾಡ್ತೀಯ?”

ಅವಳು ಯೋಚಿಸಿದಳು. ನಾನು ಬ್ಯಾಂಕಿನ ಉದಾಹರಣೆ ಕೊಟ್ಟೆ. ಚೆಕ್ಕಿನ ಮೇಲಿನ ಸಹಿ ನಿಜವೋ ಸುಳ್ಳೋ ಎಂದು ಆ ಚೆಕ್ಕನ್ನೇ ಎಷ್ಟು ಹೊತ್ತು ನೋಡಿದರೂ ತಿಳಿಯುವುದಿಲ್ಲ. ಚೆಕ್ಕು ತಂದವನು ತನ್ನ ಜೇಬಿನಿಂದ ಇನ್ನೊಂದು ಕಾಗದ ತೆಗೆದು ‘ಇದಕ್ಕೆ ತಾಳೆ ನೋಡಿ’ ಎಂದರೆ ನಾವು ಒಪ್ಪುತ್ತಿರಲಿಲ್ಲ. ನಮ್ಮ ಬೀರುವಿನಲ್ಲಿ ಖಾತೆದಾರರು ಮೊದಲೇ ಕೊಟ್ಟ ಮಾದರಿ ಸಹಿಯ ಕಾರ್ಡು ಇರುತ್ತಿತ್ತು, ಅದನ್ನು ತೆಗೆದು ತಾಳೆ ನೋಡುತ್ತಿದ್ದೆವು. ಲಾಂಛನವೂ ಹಾಗೇ. ಫೋನಿನಲ್ಲಿ ಅವನು ತೋರಿಸುವ ಲಾಂಛನ, ಗುರುತಿನ ಚೀಟಿ, ಸಮವಸ್ತ್ರ ಎಲ್ಲವೂ ಅವನ ಜೇಬಿನಿಂದ ಬಂದವು. ಕರೆ ಕಟ್ ಮಾಡಿ, ನಿಮಗೆ ಗೊತ್ತಿರುವ ಠಾಣೆಗೆ ನೀವೇ ಫೋನ್ ಮಾಡಿ ಕೇಳಬೇಕು. ನಮ್ಮ ದೇಶದ ಕಾನೂನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬುದೇ ಇಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ಮಕ್ಕಳು ದಪ್ಪ ಅಕ್ಷರದಲ್ಲಿ ಬರೆದು ಮನೆಯ ಫ್ರಿಜ್ಜಿಗೆ ಅಂಟಿಸಬಹುದು, ಅಜ್ಜಿ ತಾತನ ಕಣ್ಣಿಗೆ ಬೀಳುವಷ್ಟು ಎತ್ತರದಲ್ಲಿ.

ಗುರುತು ಬದಲಾದಾಗ ಜನಕ್ಕೆ ಹೇಳುವುದೂ ಮುಖ್ಯ. 2025ರಲ್ಲಿ ನಮ್ಮ ರಾಜ್ಯದ ಕಾನ್‌ಸ್ಟೇಬಲ್‌ಗಳ ಒಂದು ಬದಿ ಮಡಿಸಿದ ಸ್ಲೌಚ್ ಟೋಪಿ ಹೋಗಿ ಗಾಢ ನೀಲಿ ಪೀಕ್ ಕ್ಯಾಪ್ ಬಂತು. ಹಗುರ, ತಲೆಯಲ್ಲಿ ನಿಲ್ಲುತ್ತದೆ, ಒಳ್ಳೆಯದೇ. ನನ್ನ ಕಣ್ಣಿಗೆ ಮಾತ್ರ ಹಳೆಯ ಟೋಪಿ ಇನ್ನೂ ಕಾಣಿಸುತ್ತಿರುತ್ತದೆ.

ಲಂಡನ್ ಸಿಟಿ ಪೊಲೀಸರಿಗೆ ಇನ್ನೊಂದು ಹೆಮ್ಮೆ ಇದೆ, ಅದನ್ನು ಹೇಳದಿದ್ದರೆ ಮಕ್ಕಳಿಗೆ ಮೋಸವಾದೀತು. ಒಲಿಂಪಿಕ್ಸಿನಲ್ಲಿ ಒಂದು ಕಾಲಕ್ಕೆ ಹಗ್ಗಜಗ್ಗಾಟ ಇತ್ತು! 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದದ್ದು ಸಿಟಿ ಪೊಲೀಸರ ತಂಡ. ಬೆಳ್ಳಿ ಲಿವರ್‌ಪೂಲ್ ಪೊಲೀಸರಿಗೆ, ಕಂಚು ಮೆಟ್ರೊಪಾಲಿಟನ್ ಪೊಲೀಸರಿಗೆ. ಮೂರೂ ಪದಕ ಪೊಲೀಸರದೇ. ಲಿವರ್‌ಪೂಲ್‌ನವರು ಭಾರಿ ಬೂಟು ತೊಟ್ಟು ಎಳೆದರೆಂದು ಅಮೆರಿಕದವರು ತಕರಾರು ತೆಗೆದು ಆಟ ಬಿಟ್ಟು ಹೋದರು. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬೆಳ್ಳಿ, 1920ರಲ್ಲಿ ಆಂಟ್ವರ್ಪ್‌ನಲ್ಲಿ ಮತ್ತೆ ಚಿನ್ನ. ಆಮೇಲೆ ಆ ಆಟವನ್ನೇ ಒಲಿಂಪಿಕ್ಸಿನಿಂದ ತೆಗೆದುಹಾಕಿದರು. ಹಾಗಾಗಿ ನೂರು ವರ್ಷ ಕಳೆದರೂ ಅವರನ್ನು ಸೋಲಿಸಿದವರಿಲ್ಲ.

ಲಂಡನ್ನಿಗೆ ಹೋಗುವ ಅವಕಾಶ ಸಿಕ್ಕರೆ ಗಡಿಯ ಡ್ರ್ಯಾಗನ್‌ಗಳನ್ನು ಹುಡುಕಿ. ಸಿಟಿಗೆ ಹೋಗುವ ಮುಖ್ಯ ರಸ್ತೆಗಳ ಬದಿಯಲ್ಲಿ, ಲಂಡನ್ ಬ್ರಿಡ್ಜಿನ ದಕ್ಷಿಣ ತುದಿಯಲ್ಲೂ, ಗುರಾಣಿ ಹಿಡಿದು ಕುಳಿತಿರುತ್ತವೆ. ಮೈ ಬೆಳ್ಳಿ ಬಣ್ಣ, ನಾಲಗೆ ಮತ್ತು ರೆಕ್ಕೆಯ ಒಳಭಾಗ ಕೆಂಪು. ಇವುಗಳ ಮೂಲ ಜೋಡಿ 1849ರಲ್ಲಿ ಕಟ್ಟಿದ ಕಲ್ಲಿದ್ದಲು ಮಾರುಕಟ್ಟೆಯ ಬಾಗಿಲ ಮೇಲಿತ್ತು. ಆ ಕಟ್ಟಡ 1960ರ ದಶಕದ ಆರಂಭದಲ್ಲಿ ನೆಲಸಮವಾಯಿತು. ಡ್ರ್ಯಾಗನ್‌ಗಳನ್ನು ಮಾತ್ರ ಉಳಿಸಿಕೊಂಡು 1963ರಲ್ಲಿ ನದಿಯ ದಂಡೆಯ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ರಸ್ತೆಯ ಗಡಿಯಲ್ಲಿ ನಿಲ್ಲಿಸಿದರು. ಉಳಿದ ಗಡಿಗಳಲ್ಲಿರುವವು ಅವುಗಳ ಅರ್ಧ ಅಳತೆಯ ನಕಲು. ಫ್ಲೀಟ್ ಸ್ಟ್ರೀಟ್ ಮೊದಲಾಗುವಲ್ಲಿ ಎತ್ತರದ ಕಂಬದ ಮೇಲಿರುವುದು ಬೇರೆ ಜಾತಿ, 1880ರದು, ಕಪ್ಪಗೆ ಚೂಪಾಗಿ ಸಿಟ್ಟುಗೊಂಡಂತೆ ಕಾಣುತ್ತದೆ. ಅದನ್ನು ಜನ ಗ್ರಿಫಿನ್ ಎನ್ನುತ್ತಾರೆ, ಅದೂ ಡ್ರ್ಯಾಗನ್ನೇ. ಮೊಮ್ಮಗನಿಗೆ ಹೆಚ್ಚು ಹಿಡಿಸಿದ್ದು ಅದೇ.